ಹದಿನಾರು ಸೀಟಿನ ಬಸ್ಸು, ಐರ್ಲೆಂಡಿನ ಕಡಲಂಚು, ಜೊತೆಗೆ ಅಮ್ಮ

ಅಮ್ಮ ತೀರ್ಥಹಳ್ಳಿಯಿಂದ ಡಬ್ಲಿನ್‌ಗೆ ಬಂದು ಮೂರು ವಾರ ಆಗಿತ್ತು. ನಾನು ಆಫೀಸಿಗೆ ಹೊರಟ ಮೇಲೆ ಅವಳಿಗೆ ಮನೆಯಲ್ಲಿ ಮಾಡೋಕೆ ಏನೂ ಇರಲಿಲ್ಲ. ಒಂದು ಸಂಜೆ "ದ್ವೀಪ ಅಂತೀಯ, ಇಷ್ಟು ದಿನ ಆದ್ರೂ ಸಮುದ್ರವೇ ಕಾಣ್ಲಿಲ್ಲ" ಅಂದಳು. ನನಗೆ ಕಾರು ಓಡಿಸೋಕೆ ಬರುವುದಿಲ್ಲ. ಅಮ್ಮನಿಗೆ ಮಂಡಿನೋವು, ರೈಲು ಬಸ್ಸು ಬದಲಾಯಿಸಿ ಅಲೆಯುವುದು ಆಗದ ಮಾತು. ಐವತ್ತು ಸೀಟಿನ ದೊಡ್ಡ ಕೋಚ್‌ಗಳು ಬೇಕಾದಷ್ಟಿವೆ, ಅಗ್ಗ ಕೂಡ. ಆದರೆ ಅವು ದೊಡ್ಡ ರಸ್ತೆ ಬಿಟ್ಟು ಇಳಿಯುವುದಿಲ್ಲ, ಐವತ್ತು ಜನ ಇಳಿದು ಹತ್ತುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿ ದುಡ್ಡಾದರೂ ಸರಿ ಅಂತ ಹದಿನಾರು ಸೀಟಿನ ಸಣ್ಣ ಬಸ್ಸಿನ ಟೂರ್ ಹಿಡಿದೆ. ಮೇ ಕೊನೆಯ ವಾರ, ಆರು ದಿನ, ಪಶ್ಚಿಮದ ಕಾನಮಾರಾದಿಂದ ದಕ್ಷಿಣದ ಕಾರ್ಕ್ ತನಕ.

ಈ ಕಡಲದಾರಿಗೆ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಹೆಸರು. 2014ರಲ್ಲಿ ಹಾಗೆ ಹೆಸರಿಟ್ಟು ಬೋರ್ಡ್ ಹಾಕಿದರು. ಉತ್ತರದ ಡಾನಿಗಾಲ್‌ನಿಂದ ದಕ್ಷಿಣದ ಕಿನ್ಸೇಲ್ ತನಕ ಸುಮಾರು 2,500 ಕಿ.ಮೀ. ಇದೆ. ಆರು ದಿನದಲ್ಲಿ ಅದರಲ್ಲಿ ಒಂದಷ್ಟು ತುಂಡು ಮಾತ್ರ ಸಿಗುತ್ತದೆ. ನಮ್ಮ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಕಲ್ಲುಕಂಬಗಳಿಗೆ ಹೆಸರಾದ ಉತ್ತರದ ಜೈಂಟ್ಸ್ ಕಾಸ್‌ವೇ ನೋಡಬೇಕು ಅಂತಿದ್ದರೆ ಅದು ಬ್ರಿಟನ್‌ಗೆ ಸೇರಿದ ಭಾಗ. ಗಡಿಯಲ್ಲಿ ಗೇಟು ಕಾಣುವುದಿಲ್ಲ, ಆದರೂ ವೀಸಾ ಅಲ್ಲಿಗೂ ನಡೆಯುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಆ ತಲೆಬಿಸಿಯೇ ಬೇಡ ಅಂತ ನಾವು ದಕ್ಷಿಣದ ಕಡೆ ಹೊರಟೆವು.

ಮೊದಲ ದಿನ: ಡಬ್ಲಿನ್‌ನಿಂದ ಕ್ಲಿಫ್ಡನ್

ಬೆಳಿಗ್ಗೆ 8ಕ್ಕೆ ಬಸ್ಸು ಹೊರಟಿತು. ಒಟ್ಟು ಹದಿನಾಲ್ಕು ಜನ. ಆಸ್ಟ್ರೇಲಿಯಾದ ಎರಡು ಜೋಡಿ, ಜರ್ಮನಿಯ ಒಂದು ಕುಟುಂಬ, ಅಮೆರಿಕದವರು ನಾಲ್ಕು ಜನ, ಟೊರಾಂಟೊದಿಂದ ಒಬ್ಬರೇ ಬಂದಿದ್ದ ನಿವೃತ್ತ ಟೀಚರ್, ನಾವಿಬ್ಬರು. ಡ್ರೈವರೇ ಗೈಡ್. ಅರವತ್ತರ ಹತ್ತಿರದ ವಯಸ್ಸು, ವೆಸ್ಟ್ ಕಾರ್ಕ್ ಕಡೆಯವರು, ಕಿವಿಯ ಹತ್ತಿರ ಸಣ್ಣ ಮೈಕು. ಮೊದಲೇ ಒಂದು ನಿಯಮ ಹೇಳಿಬಿಟ್ಟರು: ದಿನಾ ಸೀಟು ಬದಲಾಯಿಸಬೇಕು, ಎಲ್ಲರಿಗೂ ಒಂದು ದಿನ ಮುಂದಿನ ಕಿಟಕಿ ಸಿಗಬೇಕು. ಈ ನಿಯಮದಿಂದಲೇ ಎರಡನೇ ದಿನ ಅಮ್ಮನ ಪಕ್ಕ ಟೊರಾಂಟೊದ ಟೀಚರ್ ಬಂದು ಕೂತರು. ಅಮ್ಮನಿಗೆ ಇಂಗ್ಲಿಷ್ ಅರ್ಧಂಬರ್ಧ, ಅವರಿಗೆ ಕನ್ನಡ ಸೊನ್ನೆ. ಆದರೂ ಆಮೇಲೆ ಅವರಿಬ್ಬರನ್ನು ಬೇರೆ ಮಾಡೋಕೆ ಆಗಲಿಲ್ಲ.

ಗಾಲ್ವೇ ತನಕ ಬರೀ ಹೆದ್ದಾರಿ. ಅದಾದ ಮೇಲೆ ಕಾನಮಾರಾ ಶುರು. ಬೋಳು ಗುಡ್ಡ, ಕಪ್ಪು ನೀರಿನ ಕೆರೆ, ನಡುವೆ ಕಂದು ಬಣ್ಣದ ಜೌಗು. ಅಮ್ಮ ಇದ್ದಕ್ಕಿದ್ದ ಹಾಗೆ ಕಿಟಕಿಗೆ ಮುಖ ಹಚ್ಚಿ "ಇಲ್ಲೂ ಬೆರಣಿ ತಟ್ತಾರೇನೇ!" ಅಂದಳು. ನೋಡಿದರೆ ಹೌದು, ಜೌಗಿನ ಅಂಚಲ್ಲಿ ಕಪ್ಪು ಇಟ್ಟಿಗೆಯಂಥವನ್ನು ಐದೈದು ಸೇರಿಸಿ ಒಂದಕ್ಕೊಂದು ಒರಗಿಸಿ ಒಣಗೋಕೆ ನಿಲ್ಲಿಸಿದ್ದರು. ಡ್ರೈವರ್‌ಗೆ ಹೇಳಿದೆ, ಅವರು ಬದಿಗೆ ಹಾಕಿ ನಿಲ್ಲಿಸಿಯೇಬಿಟ್ಟರು. ಅದು ಟರ್ಫ್. ಸಾವಿರಾರು ವರ್ಷ ನೀರಲ್ಲಿ ನೆನೆದು ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲು, ಬೇರು. ಅದನ್ನು ಉದ್ದನೆಯ ಸನಿಕೆಯಲ್ಲಿ ಕೊಯ್ದು, ಬೇಸಿಗೆಯಲ್ಲಿ ಒಣಗಿಸಿ, ಚಳಿಗಾಲಕ್ಕೆ ಒಲೆಗೆ ಇಡುತ್ತಾರೆ. ಅಮ್ಮ ಒಂದು ತುಂಡು ಎತ್ತಿ ಕೈಯಲ್ಲಿ ತೂಗಿದಳು. ನೋಡೋಕೆ ಕಲ್ಲು, ಎತ್ತಿದರೆ ಒಣ ತೆಂಗಿನ ಸಿಪ್ಪೆಯಷ್ಟು ಹಗುರ. ಮುರಿದ ಕಡೆ ಕೂದಲಿನಂಥ ಬೇರುಗಳು ಹಾಗೇ ಕಾಣುತ್ತಿದ್ದವು. ಮೂಸಿ ನೋಡಿ, ಎಲ್ಲಿತ್ತೋ ಅಲ್ಲೇ, ಅದೇ ಥರ ಒರಗಿಸಿ ಇಟ್ಟಳು. "ಯಾರೋ ಕಷ್ಟಪಟ್ಟು ಒಣಗ್ಸಿದಾರೆ" ಅಂದಳು.

ಮಧ್ಯಾಹ್ನ ಕೈಲ್‌ಮೋರ್ ಅಬ್ಬಿ. ಕೆರೆಯ ಅಂಚಲ್ಲಿ ಬಿಳಿ ಕೋಟೆಯಂಥ ಮನೆ. ಮಿಚೆಲ್ ಹೆನ್ರಿ ಅನ್ನುವ ಶ್ರೀಮಂತ ಹೆಂಡತಿ ಮಾರ್ಗರೆಟ್‌ಗಾಗಿ ಕಟ್ಟಿಸಿದ್ದು. ಆಕೆ 1874ರಲ್ಲಿ ತೀರಿಕೊಂಡಳು, ಅವಳ ನೆನಪಿಗೆ ಪಕ್ಕದಲ್ಲೇ ಪುಟ್ಟ ಚರ್ಚು ಇದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಮಠ ಕಳೆದುಕೊಂಡ ಸನ್ಯಾಸಿನಿಯರು 1920ರಲ್ಲಿ ಇಲ್ಲಿಗೆ ಬಂದರು, 2010ರ ತನಕ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಇಲ್ಲೊಂದು ನಮ್ಮ ಕಡೆಯ ಕೊಂಡಿ ಇದೆ. ಯಾರ ಹೆಸರಲ್ಲಿ ರಣಜಿ ಟ್ರೋಫಿ ಇದೆಯೋ ಆ ನವಾನಗರದ ರಣಜಿತ್‌ಸಿಂಹಜಿ 1920ರ ದಶಕದಲ್ಲಿ ಇಲ್ಲೇ ಹತ್ತಿರದ ಬ್ಯಾಲಿನಾಹಿಂಚ್ ಕೋಟೆ ಕೊಂಡಿದ್ದರು. ಬೇಸಿಗೆಗೆ ಬಂದು ಮೀನು ಹಿಡಿಯುತ್ತಿದ್ದರು. ಅವರ ಅಣ್ಣತಮ್ಮಂದಿರ ಮಕ್ಕಳು ಈ ಶಾಲೆಯಲ್ಲಿ ಓದಿದರು. ಜಾಮ್‌ನಗರದ ಬಿಸಿಲಿಂದ ಬಂದ ಆ ಹುಡುಗಿಯರಿಗೆ ಈ ಮಳೆ ಹೇಗೆ ಕಂಡಿರಬಹುದು ಅಂತ ಅಮ್ಮ ಸುಮಾರು ಹೊತ್ತು ಮಾತಾಡಿದಳು.

ರಾತ್ರಿ ಕ್ಲಿಫ್ಡನ್‌ನಲ್ಲಿ ತಂಗಿದೆವು. ನಮಗೆ ಕೊಟ್ಟ ರೂಮು ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲು. ಅಮ್ಮ ಕಂಬಿ ಹಿಡಿದು ಒಂದೊಂದೇ ಹತ್ತಿದಳು. ಹಳೆ ಮನೆಗಳನ್ನೇ ಬಿ ಆ್ಯಂಡ್ ಬಿ (ತಿಂಡಿ ಸಮೇತ ತಂಗುವ ಮನೆ) ಮಾಡಿರುತ್ತಾರೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬುಕ್ ಮಾಡುವಾಗಲೇ ಕೆಳಗಿನ ರೂಮು ಕೇಳಿ ಬರೆಸಿಕೊಳ್ಳಿ. ನಾನು ಕೇಳಿರಲಿಲ್ಲ. ಒಂಬತ್ತೂವರೆಗೂ ಹೊರಗೆ ಬಿಸಿಲಿತ್ತು. ದೀಪ ಹಚ್ಚುವ ಹೊತ್ತು ಯಾವುದು ಅಂತಲೇ ಗೊತ್ತಾಗದೆ ಅಮ್ಮ ಸುಮ್ನೆ ಕಿಟಕಿ ಹತ್ತಿರ ಕೂತಿದ್ದಳು.

ಎರಡನೇ ದಿನ: ಜೌಗು, ಬಂಡೆ, ಮಂಜು

ಬೆಳಿಗ್ಗೆ ಮೊದಲು ಡೆರಿಗಿಮ್ಲಾ ಜೌಗು. 1919ರ ಜೂನ್ 15ರಂದು ಆಲ್ಕಾಕ್ ಮತ್ತು ಬ್ರೌನ್ ಇಲ್ಲಿ ಇಳಿದರು. ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನ ಅದು. ಕೆನಡಾ ಬದಿಯ ನ್ಯೂಫೌಂಡ್‌ಲ್ಯಾಂಡ್‌ನಿಂದ ಸುಮಾರು 16 ಗಂಟೆ. ಮೇಲಿಂದ ಹಸಿರು ಮೈದಾನ ಅಂತ ಕಂಡಿದ್ದು ಇಳಿದಾಗ ಕೆಸರು, ವಿಮಾನದ ಮೂತಿ ಹೂತುಹೋಯಿತು. ಇಬ್ಬರಿಗೂ ಏನೂ ಆಗಲಿಲ್ಲ. ಆ ಕಡೆಯಿಂದ ಬರುವವರಿಗೆ ಕಾಣುವ ಮೊದಲ ನೆಲ ಇದು, ಈ ಕಡೆಯಿಂದ ಹೋಗುವವರಿಗೆ ಕೊನೆಯ ನೆಲ ಅಂದರು ಡ್ರೈವರ್. ಈ ಮಾತು ಮುಂದೆ ದಿನಾ ನೆನಪಾಗುತ್ತಿತ್ತು.

ಗಾಲ್ವೇ ಕೊಲ್ಲಿ ಸುತ್ತಿ ಬರೆನ್‌ಗೆ ಬಂದಾಗ ಎಲ್ಲರೂ ಸುಮ್ಮನಾದರು. ನೆಲ ಅನ್ನುವುದೇ ಇಲ್ಲ. ಕಣ್ಣು ಹಾಯಿಸಿದಷ್ಟೂ ಬೂದು ಸುಣ್ಣದ ಕಲ್ಲಿನ ಹಾಸು, ಉದ್ದುದ್ದ ಬಿರುಕು. ಆದರೆ ಬಗ್ಗಿ ಬಿರುಕಿನೊಳಗೆ ನೋಡಿದರೆ ಬೇರೆಯೇ ಲೋಕ. ಜರೀಗಿಡ, ಪಾಚಿ, ಸಣ್ಣ ಸಣ್ಣ ಹೂವು. ಸ್ಪ್ರಿಂಗ್ ಜೆನ್ಷಿಯನ್ ಅಂತ ಒಂದು ಹೂವಿದೆ, ಉಗುರಿನಷ್ಟು ದೊಡ್ಡದು, ಬಣ್ಣ ಮಾತ್ರ ಶಂಖಪುಷ್ಪಕ್ಕಿಂತ ಗಾಢ ನೀಲಿ. ಆಲ್ಪ್ಸ್ ಬೆಟ್ಟದಲ್ಲಿ ಬೆಳೆಯುವ ಹೂವು ಇಲ್ಲಿ ಸಮುದ್ರದ ಪಕ್ಕ ಬೆಳೆಯುತ್ತದೆ. ಇನ್ನೊಂದು ವಿಷಯ ಕೇಳಿ ಅಮ್ಮನಿಗೆ ಆಶ್ಚರ್ಯ. ಎಲ್ಲ ಕಡೆ ದನಗಳನ್ನು ಬೇಸಿಗೆಯಲ್ಲಿ ಗುಡ್ಡಕ್ಕೆ ಹೊಡೆಯುತ್ತಾರೆ, ಇಲ್ಲಿ ಚಳಿಗಾಲದಲ್ಲಿ. ಸುಣ್ಣಕಲ್ಲು ಬೇಸಿಗೆಯ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ, ನೀರು ನಿಲ್ಲುವುದಿಲ್ಲ, ಹಾಗಾಗಿ ಮಲಗೋಕೆ ಒಣ ಜಾಗ. ಚಳಿಗಾಲದಲ್ಲಿ ದನ ಹುಲ್ಲು ಮೇಯ್ದು ತೆಗೆದರೆ ಮಾತ್ರ ಬೇಸಿಗೆಯಲ್ಲಿ ಹೂವಿಗೆ ಬೆಳಕು ಸಿಗುತ್ತದೆ. "ದನ ಇಲ್ದಿದ್ರೆ ಹೂವಿಲ್ಲ ಅಂತಾಯ್ತು" ಅಂದಳು ಅಮ್ಮ. ಕೊಟ್ಟಿಗೆ ನೋಡಿಕೊಂಡವಳಿಗೆ ಇದು ಚೆನ್ನಾಗಿ ಅರ್ಥವಾಯಿತು.

ಪೌಲ್‌ನಬ್ರೋನ್ ಕಲ್ಲುಗೋರಿ ಇದೇ ಬರೆನ್‌ನಲ್ಲಿದೆ. ನಿಂತ ಕಲ್ಲುಗಳ ಮೇಲೆ ಒಂದು ಚಪ್ಪಡಿ, ಐದು ಸಾವಿರ ವರ್ಷಕ್ಕಿಂತ ಹಳೆಯದು. ನಮ್ಮ ಹಿರೇಬೆಣಕಲ್‌ನ ಮೊರೇರ ಮನೆ ಅನ್ನುವ ಹಳೆಯ ಕಲ್ಲುಗೋರಿಗಳನ್ನು ನೋಡಿದವರಿಗೆ ಥಟ್ಟನೆ ಅದೇ ನೆನಪಾಗುತ್ತದೆ. ಅವು ಇದಕ್ಕಿಂತ ಎಷ್ಟೋ ಈಚಿನವು, ಕಟ್ಟಿದವರಿಗೂ ಇವರಿಗೂ ಸಂಬಂಧವಿಲ್ಲ. ಆದರೂ ಸತ್ತವರಿಗೆ ಕಲ್ಲಿನ ಮನೆ ಬೇಕು ಅಂತ ಎರಡೂ ಕಡೆ ಜನಕ್ಕೆ ಅನ್ನಿಸಿತ್ತಲ್ಲ.

ಮಧ್ಯಾಹ್ನ ಒಂದು ಕೆಫೆಯಲ್ಲಿ ವೆಜಿಟೇಬಲ್ ಸೂಪ್ ತಗೊಂಡೆವು. ಅರ್ಧ ಕುಡಿದ ಮೇಲೆ ಅಮ್ಮ ಚಮಚ ಕೆಳಗಿಟ್ಟಳು. ಕೇಳಿದರೆ ಕೋಳಿ ಬೇಯಿಸಿದ ನೀರು ಹಾಕಿದ್ದರು. ಅವರ ಪ್ರಕಾರ ತರಕಾರಿ ಇದ್ದರೆ ಅದು ವೆಜಿಟೇಬಲ್ ಸೂಪೇ. ಅಮ್ಮ ಬಾಯಿ ಮುಕ್ಕಳಿಸಿ ಬಂದು ಏನೂ ಮಾತಾಡದೆ ಕೂತಳು, ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸಸ್ಯಾಹಾರಿಗಳು ಸೂಪ್ ತಗೊಳ್ಳುವಾಗ ಚಿಕನ್ ಸ್ಟಾಕ್ ಹಾಕಿದ್ದೀರಾ ಅಂತಲೇ ಕೇಳಬೇಕು. ಅವತ್ತಿಂದ ನಮ್ಮ ಡ್ರೈವರ್ ಪ್ರತಿ ಊಟದ ಜಾಗಕ್ಕೂ ತಾವೇ ಮುಂಚೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಬೆಳಗಿನ ತಿಂಡಿಗೆ ಚಿಂತೆಯಿಲ್ಲ. ಇಲ್ಲಿನ ಕಂದು ಸೋಡಾ ಬ್ರೆಡ್ಡು ಗಟ್ಟಿಯಾಗಿ, ಸ್ವಲ್ಪ ಹುಳಿಯಾಗಿ, ಹೊಟ್ಟೆ ತುಂಬುವ ಹಾಗಿರುತ್ತದೆ. ಮೇಲೆ ದಪ್ಪಗೆ ಬೆಣ್ಣೆ, ಅದರ ಮೇಲೆ ಅಮ್ಮ ತಂದ ಹುರಿಗಡಲೆ ಚಟ್ನಿಪುಡಿ. ಇಷ್ಟು ಸಾಕು.

ನಾಲ್ಕು ಗಂಟೆಗೆ ಕಡಲಂಚಿನ ಕಡಿದಾದ ಮೊಹರ್ ಬಂಡೆಗಳಿಗೆ ಬಂದರೆ ಏನೂ ಇಲ್ಲ. ಬರೀ ಮಂಜು. ಎದುರಿಗೆ ನಿಂತವರ ಮುಖ ಕಾಣದಷ್ಟು. ಕೆಳಗೆಲ್ಲೋ ಅಲೆ, ಸಾವಿರಾರು ಹಕ್ಕಿಗಳ ಗಲಾಟೆ, ಉಪ್ಪಿನ ವಾಸನೆ, ಅಷ್ಟೇ. ಮುಕ್ಕಾಲು ಗಂಟೆ ಕಾದೆವು. ಆಗುಂಬೆಗೆ ಸೂರ್ಯಾಸ್ತ ನೋಡೋಕೆ ಹೋಗಿ ಎಷ್ಟು ಸಲ ಹೀಗೇ ವಾಪಸ್ ಬಂದಿಲ್ಲ ಅಂತ ಅಮ್ಮನೇ ನನಗೆ ಸಮಾಧಾನ ಹೇಳಿದಳು.

ಮೂರನೇ ದಿನ: ಮತ್ತೆ ಮೊಹರ್

ಡೂಲಿನ್‌ನಲ್ಲಿ ಮಲಗಿದ್ದೆವು. ಬೆಳಿಗ್ಗೆ ಎದ್ದರೆ ಆಕಾಶ ತೊಳೆದ ಹಾಗಿತ್ತು. ಡ್ರೈವರ್ ತಿಂಡಿಯ ಹೊತ್ತಲ್ಲೇ ಕೇಳಿದರು, ದಾರಿಯಲ್ಲೇ ಇದೆ, ಅರ್ಧ ಗಂಟೆ ಬೇಗ ಹೊರಟರೆ ಇನ್ನೊಮ್ಮೆ ನೋಡಬಹುದು, ಒಪ್ಪಿಗೆಯಾ? ಹದಿನಾಲ್ಕು ಜನರನ್ನು ಕೇಳೋಕೆ ಎರಡು ನಿಮಿಷ ಸಾಕಾಯಿತು. ದೊಡ್ಡ ಕೋಚ್‌ಗಳು ಬರುವ ಮುಂಚೆ ನಾವು ಅಲ್ಲಿದ್ದೆವು.

ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಹಸಿರು ಹುಲ್ಲು, ಆಮೇಲೆ ಏನೂ ಇಲ್ಲ, 214 ಮೀಟರ್ ಕೆಳಗೆ ನೀರು. ಕಪ್ಪು ಬಂಡೆ ಪದರ ಪದರವಾಗಿ ಒಂದರ ಹಿಂದೊಂದು ಸಮುದ್ರಕ್ಕೆ ಮೂತಿ ಚಾಚಿ ಎಂಟು ಕಿಲೋಮೀಟರ್ ಹಬ್ಬಿದೆ. ಆ ಪದರಗಳ ಸಂದಿಯಲ್ಲೆಲ್ಲ ಹಕ್ಕಿಗಳು. ದೂರದಲ್ಲಿ ಅರಾನ್ ದ್ವೀಪಗಳು ತೇಲಿದ ಹಾಗೆ. ಆದರೆ ಅಮ್ಮನಿಗೆ ಹಿಡಿಸಿದ್ದು ಬೇರೆ. ದಾರಿಯ ಬದಿಗೆ ತಡೆಗೋಡೆಯಾಗಿ ಲಿಸ್ಕ್ಯಾನರ್ ಕಲ್ಲಿನ ಚಪ್ಪಡಿ ನಿಲ್ಲಿಸಿದ್ದಾರೆ. ಅದರ ಮೈಮೇಲೆ ಸುತ್ತಿ ಬಳಸಿ ಹರಿದ ಗೆರೆಗಳು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಇದು ಸಮುದ್ರದ ಕೆಸರಾಗಿದ್ದಾಗ ಯಾವುದೋ ಜೀವಿ ಹರಿದು ಹೋದ ಜಾಡು, ಹಾಗೇ ಕಲ್ಲಾಗಿದೆ. ಅಮ್ಮ ಒಂದು ಗೆರೆಯ ಮೇಲೆ ಬೆರಳಿಟ್ಟು, ಅದು ಎಲ್ಲಿ ತಿರುಗುತ್ತೋ ಅಲ್ಲೆಲ್ಲ ಬೆರಳು ತಿರುಗಿಸುತ್ತ ಚಪ್ಪಡಿಯ ಕೊನೆ ತನಕ ಹೋದಳು. "ಮಳೆ ಬಂದ ಮಾರನೇ ದಿನ ಅಂಗಳದಲ್ಲಿ ಎರೆಹುಳ ಹೋದ ಗುರುತು ಇರ್ತದಲ್ಲ, ಹಂಗೇ ಇದೆ ಕಣೇ." ಹಿಂದೆ ಅಷ್ಟು ದೊಡ್ಡ ಸಮುದ್ರ ಇದ್ದರೂ ಅವಳು ಮುಂದಿನ ಚಪ್ಪಡಿಗೆ ಹೋಗಿ ಇನ್ನೊಂದು ಗೆರೆ ಹಿಡಿದಳು.

ಆಮೇಲೆ ಶಾನನ್ ನದಿ ಸಮುದ್ರ ಸೇರುವಲ್ಲಿ ಕಿಲಿಮರ್‌ನಿಂದ ಟಾರ್ಬರ್ಟ್‌ಗೆ ಬಸ್ಸಿನ ಸಮೇತ ಫೆರಿ, ಇಪ್ಪತ್ತು ನಿಮಿಷ. ಇಲ್ಲಿ ಡಾಲ್ಫಿನ್‌ಗಳ ದೊಡ್ಡ ಗುಂಪಿದೆ. ನಮಗೆ ಒಂದು ಬೆನ್ನು ಮಾತ್ರ ಕಂಡಿತು, ಅದೂ ಜರ್ಮನ್ ಹುಡುಗ ಕಿರುಚಿದ್ದರಿಂದ. ಡಿಂಗಲ್‌ಗೆ ಹೋಗೋಕೆ ಕಾನರ್ ಪಾಸ್ ಅನ್ನುವ ಘಾಟಿ ತುಂಬ ಚೆಂದ ಅಂತಾರೆ, ಆದರೆ ಎರಡು ಟನ್ನಿಗಿಂತ ಭಾರದ ಗಾಡಿ ಬಿಡುವುದಿಲ್ಲ, ನಮ್ಮ ಸಣ್ಣ ಬಸ್ಸಿಗೂ ಇಲ್ಲ. ಸುತ್ತು ದಾರಿಯಲ್ಲಿ ಆನಾಸ್ಕಾಲ್ ಅನ್ನುವ ಹಳ್ಳಿ ಸಿಕ್ಕಿತು. ಟಾಮ್ ಕ್ರೀನ್ ಹುಟ್ಟಿ ಬೆಳೆದ ಜಾಗ. ಧ್ರುವಯಾತ್ರಿಕರಾದ ಸ್ಕಾಟ್ ಮತ್ತು ಶ್ಯಾಕಲ್ಟನ್ ಜೊತೆ ಮೂರು ಸಲ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದ ರೈತನ ಮಗ. ವಾಪಸ್ ಬಂದು ಊರಲ್ಲೇ ಸೌತ್ ಪೋಲ್ ಇನ್ ಅಂತ ಪಬ್ ಇಟ್ಟರು. ಅದು ಈಗಲೂ ಇದೆ. ದಕ್ಷಿಣ ಧ್ರುವದ ದಾರಿ ನಡೆದ ಮನುಷ್ಯ ಕೊನೆಗೆ ತನ್ನ ಹಳ್ಳಿಗೇ ಬಂದು ನೆಲೆ ನಿಂತದ್ದು ನನಗೆ ತುಂಬ ಇಷ್ಟವಾಯಿತು.

ನಾಲ್ಕನೇ ದಿನ: ಸ್ಲೇ ಹೆಡ್

ಈ ಇಡೀ ಪ್ರವಾಸದಲ್ಲಿ ಒಂದೇ ದಿನ ಮತ್ತೆ ಸಿಗುತ್ತದೆ ಅಂದರೆ ನಾನು ಕೇಳುವುದು ಈ ದಿನವನ್ನೇ. ಡಿಂಗಲ್‌ನಿಂದ ಹೊರಟು ಡಿಂಗಲ್‌ಗೇ ಬರುವ ದಾರಿ, ಐವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ನಾವು ಇಡೀ ದಿನ ತಗೊಂಡೆವು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಮೊಣಕಾಲೆತ್ತರದ ಕಲ್ಲಿನ ಪಾಗಾರ, ಅದರಾಚೆ ಸಮುದ್ರ. ಎದುರು ಗಾಡಿ ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಒಂದು ತಿರುವಲ್ಲಿ ರಸ್ತೆಯ ಮೇಲೇ ತೊರೆ ಹರಿಯುತ್ತದೆ, ಅದರಲ್ಲೇ ಇಳಿದು ಹೋಗಬೇಕು. ಇದು ಐರಿಷ್ ಮಾತಾಡುವ ಸೀಮೆ. ಬೋರ್ಡೆಲ್ಲ ಐರಿಷ್‌ನಲ್ಲೇ. ಧನ್ಯವಾದಕ್ಕೆ 'ಗುರಮಾಗತ್' ಥರ ಏನೋ ಅನ್ನುತ್ತಾರೆ, ಅಮ್ಮ ಅದನ್ನು ಕಲಿತು ಸಿಕ್ಕವರಿಗೆಲ್ಲ ಹೇಳಿದಳು. ಟೀ ಕೊಟ್ಟ ಅಜ್ಜಿಯೊಬ್ಬರು ಅದನ್ನು ಕೇಳಿ ಅಮ್ಮನ ಕೈ ಹಿಡಿದುಕೊಂಡು ಉದ್ದಕ್ಕೆ ಏನೋ ಐರಿಷ್‌ನಲ್ಲೇ ಹೇಳಿದರು. ಅಮ್ಮ ಕನ್ನಡದಲ್ಲಿ ಉತ್ತರ ಕೊಟ್ಟಳು. ಮಳೆ ಬಗ್ಗೆಯೇ ಇಬ್ಬರೂ ಮಾತಾಡಿದ್ದು ಅಂತ ಅವಳ ನಂಬಿಕೆ.

ಗ್ಯಾಲರಸ್ ಅನ್ನುವ ಕಡೆ ಪುಟ್ಟ ಪ್ರಾರ್ಥನಾ ಮನೆ ಇದೆ. ಕವುಚಿ ಹಾಕಿದ ದೋಣಿಯ ಆಕಾರ. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ್ದು, ಶತಮಾನಗಳ ಮಳೆಗೆ ಒಳಗೆ ನೀರು ಇಳಿದಿಲ್ಲ. ಯಾಕೆ ಅಂದರೆ ಪ್ರತಿ ಕಲ್ಲನ್ನೂ ಸ್ವಲ್ಪ ಹೊರಗಡೆಗೆ ಇಳಿಜಾರಾಗಿ ಇಟ್ಟಿದ್ದಾರೆ, ನಮ್ಮ ಮಾಡಿನ ಹಂಚಿನ ಹಾಗೆ ನೀರು ಹೊರಗೇ ಜಾರುತ್ತದೆ. ಅವತ್ತು ಜಡಿ ಹಿಡಿದಿತ್ತು. ಒಳಗೆ ನಿಂತು ನೆಲ ಮುಟ್ಟಿ ನೋಡಿದೆ. ಒಣ.

ಡನ್‌ಕ್ವಿನ್‌ನಲ್ಲಿ ನಿಂತರೆ ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ದೊಡ್ಡ ಬ್ಲಾಸ್ಕೆಟ್‌ನ ಇಳಿಜಾರಲ್ಲಿ ಮಾಡಿಲ್ಲದ ಮನೆಗಳ ಗೋಡೆ ಬರಿಗಣ್ಣಿಗೇ ಕಾಣುತ್ತದೆ. ಅಲ್ಲೊಂದು ಊರಿತ್ತು. ಮೀನು, ಕುರಿ, ಆಲೂಗಡ್ಡೆ, ಟರ್ಫ್, ಇಷ್ಟರಲ್ಲೇ ಬದುಕು. ಡಾಕ್ಟರ್ ಇಲ್ಲ, ಪಾದ್ರಿ ಇಲ್ಲ, ಅಂಗಡಿ ಇಲ್ಲ. ವಯಸ್ಸಿನ ಹುಡುಗರು ಹುಡುಗಿಯರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋದರು. ಉಳಿದವರಲ್ಲಿ ಒಬ್ಬ ಯುವಕನಿಗೆ 1947ರ ಶುರುವಲ್ಲಿ ಮಿದುಳು ಜ್ವರ ಬಂತು, ಬಿರುಗಾಳಿಯಿಂದ ದೋಣಿ ಇಳಿಸೋಕೆ ಆಗಲಿಲ್ಲ, ಹುಡುಗ ಉಳಿಯಲಿಲ್ಲ. ಅಲ್ಲಿಗೆ ಊರಿನ ಧೈರ್ಯ ಮುರಿಯಿತು. ಉಳಿದಿದ್ದ 22 ಜನ ದ್ವೀಪ ಬಿಡುವುದು 1953ರ ನವೆಂಬರ್ 17ರಂದು ಶುರುವಾಯಿತು. ನಾವು ನಿಂತ ಜಾಗದಿಂದ ಅಲ್ಲಿಗೆ ಹೆಚ್ಚೆಂದರೆ ಮೂರು ನಾಲ್ಕು ಮೈಲಿ.

ಡ್ರೈವರ್ ಇನ್ನೊಂದು ಸಂಪ್ರದಾಯ ಹೇಳಿದರು. ಆಗ ಅಮೆರಿಕಕ್ಕೆ ಹೊರಟವರಿಗೆ ಹಿಂದಿನ ರಾತ್ರಿ ಮನೆಯಲ್ಲಿ ಅಮೆರಿಕನ್ ವೇಕ್ ಅಂತ ಮಾಡುತ್ತಿದ್ದರು. ವೇಕ್ ಅಂದರೆ ಸತ್ತವರ ಹತ್ತಿರ ರಾತ್ರಿಯಿಡೀ ಕೂರುವುದು. ಹೋದವರು ಮತ್ತೆ ಬರುವುದಿಲ್ಲ, ಹಾಗಾಗಿ ಬದುಕಿದ್ದಾಗಲೇ ಅದನ್ನು ಮಾಡಿಬಿಡುವುದು. ಕುಣಿತ, ಹಾಡು, ಬೆಳಗಿನ ಜಾವಕ್ಕೆ ಅಳು. ನಾನು ಕನ್ನಡದಲ್ಲಿ ಅಮ್ಮನಿಗೆ ಹೇಳುತ್ತಾ ಹೋದೆ. ಅವಳು ಕೇಳಿಸಿಕೊಂಡು, ನಾನು ಮೊದಲ ಸಲ ಹೊರಟ ಹಿಂದಿನ ರಾತ್ರಿ ಅಪ್ಪ ನಿದ್ದೆ ಮಾಡಿರಲಿಲ್ಲ ಅಂದಳು. ಕೊಟ್ಟಿಗೆಯಲ್ಲಿ ಲೈಟ್ ಹಾಕಿಕೊಂಡು ಕೂತಿದ್ದರಂತೆ. ಎಂಟು ವರ್ಷ ಆಯಿತು, ಇದನ್ನು ಅವಳು ನನಗೆ ಹೇಳಿರಲಿಲ್ಲ.

ಐದನೇ ದಿನ: ರಿಂಗ್ ಆಫ್ ಕೆರ್ರಿ

ಎಲ್ಲರೂ ಹೊಗಳುವ ದಾರಿ ಇದು, 179 ಕಿಲೋಮೀಟರ್. ನನಗೆ ಅಷ್ಟೇನೂ ಹಿಡಿಸಲಿಲ್ಲ. ಕೋಚ್‌ಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಹೋಗುತ್ತವೆ, ನೋಡುವ ಜಾಗದಲ್ಲೆಲ್ಲ ಜಾತ್ರೆ. ನಮ್ಮದು ಸಣ್ಣ ಬಸ್ಸಾದ್ದರಿಂದ ನಡುವೆ ತಪ್ಪಿಸಿಕೊಂಡು ವ್ಯಾಲೆಂಷಿಯಾ ದ್ವೀಪಕ್ಕೆ ಹೋದೆವು. ಯುರೋಪು ಅಮೆರಿಕ ನಡುವೆ ಸಮುದ್ರದಡಿ ಮೊದಲ ಟೆಲಿಗ್ರಾಫ್ ತಂತಿ ಎಳೆದದ್ದು ಇಲ್ಲಿಂದ, 1858ರಲ್ಲಿ. ಕೆಲವೇ ವಾರಕ್ಕೆ ಕೆಟ್ಟಿತು. ಮತ್ತೆ 1866ರಲ್ಲಿ ಎಳೆದದ್ದು ನಿಂತಿತು. ಮೊದಲ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ ನೂರು ಪದದ ಒಳಗಿನ ಸಂದೇಶ ಆಚೆ ದಡ ಮುಟ್ಟೋಕೆ ಸುಮಾರು 16 ಗಂಟೆ ಹಿಡಿದಿತ್ತು. ಅದೇ ದ್ವೀಪದ ಕಟ್ಟೆಯ ಮೇಲೆ ಕೂತು ಅಮ್ಮ ಶಿವಮೊಗ್ಗದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ ಸಮುದ್ರ ತೋರಿಸಿದಳು. ಚಿಕ್ಕಮ್ಮ ಸಮುದ್ರ ಬಿಟ್ಟು "ಏನೇ ಅಕ್ಕಾ, ಸ್ವೆಟರ್ ಹಾಕೊಂಡಿಲ್ವಾ" ಅಂತ ಬೈದರು.

ಸ್ಕೆಲಿಗ್ ಮೈಕೆಲ್ ದ್ವೀಪವನ್ನು ದೂರದಿಂದ ನೋಡಿದೆವು, ನೀರಿಂದ ಎದ್ದ ಕಪ್ಪು ಗೋಪುರ. ತುದಿಯಲ್ಲಿ ಹಳೆಯ ಸನ್ಯಾಸಿಗಳ ಕಲ್ಲು ಗುಡಿಸಲುಗಳಿವೆ, ಹತ್ತೋಕೆ 618 ಮೆಟ್ಟಿಲು. ಅಮ್ಮನ ಮಂಡಿಗೆ ಅದು ಬೇಡ. ರಾತ್ರಿ ಕೆನ್‌ಮೇರ್.

ಅಲ್ಲಿ ಊಟಕ್ಕೆ ಕೂತಾಗ ಡ್ರೈವರ್ ನಮ್ಮ ಟೇಬಲ್ಲಿಗೆ ಬಂದರು. ಸ್ವಲ್ಪ ತಡೆದು ಕೇಳಿದರು, ನಾಳೆ ನಮ್ಮ ದಾರಿಯಿಂದ ಸ್ವಲ್ಪ ಒಳಗೆ ಅಹಕಿಸ್ಟಾ ಅಂತ ಒಂದು ಊರಿದೆ. ಅಲ್ಲಿ ನಿಮ್ಮ ದೇಶದವರ ನೆನಪಿನ ಜಾಗ ಇದೆ. ನಿಮಗೆ ಗೊತ್ತಿದೆಯಾ? ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಈ ದೇಶದಲ್ಲಿದ್ದೂ ಗೊತ್ತಿರಲಿಲ್ಲ. ಅವರು "ಏರ್ ಇಂಡಿಯಾ, 1985" ಅಂದ ತಕ್ಷಣ ಅಮ್ಮ ತಲೆ ಎತ್ತಿ "ಕನಿಷ್ಕ" ಅಂದಳು.

ಆರನೇ ದಿನ: ಅಹಕಿಸ್ಟಾ

ಎಲ್ಲರನ್ನೂ ಕೇಳಿಯೇ ಬಸ್ಸು ತಿರುಗಿಸಿದ್ದು. ಯಾರೂ ಬೇಡ ಅನ್ನಲಿಲ್ಲ. ಗ್ಲೆನ್‌ಗ್ಯಾರಿಫ್, ಬ್ಯಾಂಟ್ರಿ ದಾಟಿ ಶೀಪ್ಸ್ ಹೆಡ್ ಅನ್ನುವ ನಾಲಗೆಯಂಥ ನೆಲದ ಮೇಲೆ ಹೋಗುವ ರಸ್ತೆ, ಎರಡೂ ಕಡೆ ಬೇಲಿಯ ಗಿಡ ಗಾಜಿಗೆ ತಾಗುತ್ತಿತ್ತು.

1985ರ ಜೂನ್ 23. ಮಾಂಟ್ರಿಯಲ್‌ನಿಂದ ಲಂಡನ್ ಮೂಲಕ ದೆಹಲಿಗೆ ಹೊರಟಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನ. ಲಗೇಜಿನಲ್ಲಿ ಇಟ್ಟಿದ್ದ ಬಾಂಬು ಸಿಡಿದು ಈ ತೀರದಿಂದ ಸುಮಾರು 190 ಕಿ.ಮೀ. ದೂರದಲ್ಲಿ ಸಮುದ್ರಕ್ಕೆ ಬಿತ್ತು. 329 ಜನ. ಒಬ್ಬರೂ ಉಳಿಯಲಿಲ್ಲ. ಹೆಚ್ಚಿನವರು ಕೆನಡಾದಲ್ಲಿ ನೆಲೆಸಿದ್ದ ನಮ್ಮವರು, ರಜೆಗೆ ಅಜ್ಜಿ ಮನೆಗೆ ಹೊರಟಿದ್ದ ಮಕ್ಕಳು. ಐರ್ಲೆಂಡಿನ ನೌಕಾಪಡೆಯವರು, ಬೇರೆ ಹಡಗಿನವರು ಸೇರಿ ಹುಡುಕಿದರೂ ಸಿಕ್ಕಿದ್ದು 131 ದೇಹ ಮಾತ್ರ. ಅವರನ್ನು ಕಾರ್ಕ್‌ನ ಆಸ್ಪತ್ರೆಗೆ ತಂದರು. ಮನೆಯವರು ಕೆನಡಾದಿಂದ, ಭಾರತದಿಂದ ಓಡಿ ಬಂದಾಗ ಅವರ ಜೊತೆ ನಿಂತವರು ಈ ಸೀಮೆಯ ಜನ. ಕಡಲಿಗೆ ಹತ್ತಿರದ ಈ ಜಾಗದಲ್ಲಿ ಮರುವರ್ಷವೇ ಸ್ಮಾರಕ ಆಯಿತು.

ದೊಡ್ಡ ಕಟ್ಟಡ ಏನಲ್ಲ. ನೀರಿನ ಅಂಚಲ್ಲಿ ಒಂದು ಸಣ್ಣ ತೋಟ, ನಡುವೆ ಕಾರ್ಕ್‌ನ ಶಿಲ್ಪಿ ಕೆನ್ ಥಾಂಪ್ಸನ್ ಕೆತ್ತಿದ ನೆರಳು ಗಡಿಯಾರ, ಗೋಡೆಯ ಮೇಲೆ ಹೆಸರುಗಳು. ಹುಲ್ಲು ಕತ್ತರಿಸಿತ್ತು. ಯಾರೋ ಇಟ್ಟ ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ.

ಅಮ್ಮ ಮೊದಲ ಹೆಸರಿಂದ ಶುರು ಮಾಡಿದಳು. ಸಣ್ಣ ದನಿಯಲ್ಲಿ, ಬೆರಳಿಟ್ಟು, ಒಂದೊಂದೇ. ಇಂಗ್ಲಿಷ್ ಅಕ್ಷರ ಕೂಡಿಸಿ ಓದೋಕೆ ಅವಳಿಗೆ ಹೊತ್ತು ಬೇಕು. ಒಂದೇ ಮನೆತನದ ಹೆಸರು ಸಾಲಾಗಿ ಬಂದಾಗ ನಿಲ್ಲಿಸಿ, ಉಸಿರು ತಗೊಂಡು ಮುಂದೆ ಹೋಗುತ್ತಿದ್ದಳು. ಟೊರಾಂಟೊದ ಟೀಚರ್ ಬಂದು ಪಕ್ಕದಲ್ಲಿ ನಿಂತರು. ಅವರೂ ಓದತೊಡಗಿದರು. ಅಮ್ಮನ ಉಚ್ಚಾರ ಕೇಳಿಸಿಕೊಂಡು ಅದೇ ಥರ. ಒಂದು ಹೊತ್ತಲ್ಲಿ ಅವರು ನನ್ನ ಕಡೆ ತಿರುಗಿ, ಇವರು ನಮ್ಮೂರಿನವರು, ಆದರೆ ಆಗ ನಾವು ಇವರನ್ನು ನಮ್ಮವರು ಅಂತ ಅಂದುಕೊಳ್ಳಲೇ ಇಲ್ಲ ಅಂದರು. ಅಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದರು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಬಸ್ಸು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕಿತ್ತು. ಒಂದು ಗಂಟೆ ಮೇಲಾಯಿತು. ಡ್ರೈವರ್ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಕೊನೆಯ ಹೆಸರು ಮುಗಿಸಿ ಬಂದ ಅಮ್ಮ ಅವರ ಎದುರು ನಿಂತು ಎರಡೂ ಕೈ ಜೋಡಿಸಿದಳು. ಅವರು ಟೋಪಿ ತೆಗೆದರು.

ಆಮೇಲೆ ಕೋವ್ ಬಂದರು. ಟೈಟಾನಿಕ್ 1912ರ ಏಪ್ರಿಲ್ 11ರಂದು ಕೊನೆಯ ಸಲ ನಿಂತ ಜಾಗ. ದಡದಲ್ಲಿ ಆ್ಯನಿ ಮೂರ್ ಅನ್ನುವ ಹುಡುಗಿಯ ಪ್ರತಿಮೆ ಇದೆ, ಇಬ್ಬರು ತಮ್ಮಂದಿರ ಜೊತೆ. ಇಲ್ಲಿಂದ ಹಡಗು ಹತ್ತಿ 1892ರ ಜನವರಿ 1ರಂದು ನ್ಯೂಯಾರ್ಕ್‌ನ ಎಲಿಸ್ ಐಲ್ಯಾಂಡ್‌ನಲ್ಲಿ ವಲಸೆಗಾರರ ಹೊಸ ಕೇಂದ್ರ ತೆರೆದಾಗ ಎಲ್ಲರಿಗಿಂತ ಮೊದಲು ಇಳಿದವಳು. ಈ ಊರು ಚೆಂದ, ಬಣ್ಣಬಣ್ಣದ ಮನೆಗಳ ಸಾಲು, ಮೇಲೆ ದೊಡ್ಡ ಚರ್ಚು. ಆದರೆ ಅವತ್ತು ನಮಗೆ ಅದನ್ನು ನೋಡುವ ಮನಸ್ಸಿರಲಿಲ್ಲ. ಬೇರೆ ದಿನ ಬರಬೇಕು.

ಡಬ್ಲಿನ್ ಕಡೆ ಹೆದ್ದಾರಿ ಹಿಡಿದಾಗ ಬಸ್ಸಲ್ಲಿ ಮುಕ್ಕಾಲು ಜನ ನಿದ್ದೆ. ಅಮ್ಮ ಎಚ್ಚರವಾಗಿದ್ದಳು. "ಪ್ರತಿ ವರ್ಷ ಆ ದಿನ ಜನ ಸೇರ್ತಾರಂತಲ್ಲ, ಡ್ರೈವರೇ ಹೇಳಿದ್ರು."

"ಹೌದು, ಜೂನ್ 23ಕ್ಕೆ."

"ನಾನು ಅಷ್ಟೊತ್ತಿಗೆ ಊರಲ್ಲಿರ್ತೀನಿ. ನೀನು ಹೋಗ್ತೀಯಾ?"

ಹೋಗುತ್ತೇನೆ ಅಂದೆ. ರಜೆ ಹಾಕಿದ್ದೇನೆ. ಬ್ಯಾಂಟ್ರಿ ತನಕ ಬಸ್ಸಿದೆ, ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಡ್ರೈವರ್ ತಮ್ಮ ನಂಬರ್ ಕೊಟ್ಟಿದ್ದಾರೆ.